ಮಾತ್ಸುತಾಕೆ: ಕಿತ್ತವರಿಂದ ಕೆಟ್ಟಿತೋ, ಬಿಟ್ಟವರಿಂದಲೋ?

1941ರಲ್ಲಿ ಜಪಾನಿನ ಕಾಡುಗಳಿಂದ ಸುಮಾರು 12,000 ಟನ್ ಮಾತ್ಸುತಾಕೆ ಅಣಬೆ ಬಂದಿತ್ತು. 2019ರಲ್ಲಿ ಬಂದದ್ದು 14 ಟನ್. ಈ ಲೆಕ್ಕ ಕಂಡ ಕೂಡಲೇ ನಮಗೆ ಹೊಳೆಯುವ ಉತ್ತರ ಒಂದೇ: ದುಡ್ಡಿನಾಸೆಗೆ ಬಿದ್ದ ಜನ ಬುಡಸಮೇತ ಬಾಚಿ ಮುಗಿಸಿರಬೇಕು. ಶ್ರೀಗಂಧದ ಕಥೆ ಕೇಳಿ ಬೆಳೆದ ನಾಡಿನವರು ನಾವು; ಕಾಡಿನದು ಏನೇ ಕಡಿಮೆಯಾದರೂ ಮೊದಲು ಕದ್ದವರನ್ನು, ಕಿತ್ತವರನ್ನು ಹುಡುಕುತ್ತೇವೆ. ಮಾತ್ಸುತಾಕೆಯ ವಿಷಯದಲ್ಲಿ ಆ ಉತ್ತರ ಬಹುಮಟ್ಟಿಗೆ ತಪ್ಪು. ಜನ ಕಾಡಿಗೆ ಹೋದದ್ದರಿಂದ ಹೆಚ್ಚಿದ ಅಣಬೆ ಇದು. ಹೋಗುವುದನ್ನು ನಿಲ್ಲಿಸಿದ ಮೇಲೆ ಬತ್ತಿತು. ಹಾಗೆಂದು ಕೊಯ್ಲು ನಿರಪಾಯಕಾರಿ ಎಂದುಬಿಟ್ಟರೆ ಅದೂ ಅರ್ಧಸತ್ಯವೇ. ಎಂಬತ್ತು ವರ್ಷಗಳಲ್ಲಿ ಅದರ ಕೊಯ್ಲು ಜಪಾನಿನ ಬೆಟ್ಟಗಳಿಂದ ಯುನ್ನಾನ್, ಭೂತಾನ್, ಅಮೆರಿಕದ ಓರೆಗಾನ್‌ವರೆಗೂ ಹಬ್ಬಿದೆ. ಪ್ರತಿ ಊರಲ್ಲೂ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಎದುರಾಗಿದೆ.

ಮೊದಲು ಅಣಬೆಯ ಸ್ವಭಾವ. ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುವ ಬಟನ್ ಅಣಬೆ ಕೊಳೆತ ಗೊಬ್ಬರದ ಮೇಲೆ ಬೆಳೆಯುತ್ತದೆ. ಕೊಟ್ಟಿಗೆಯಂಥ ಕತ್ತಲ ಕೋಣೆ ಸಾಕು. ಮಾತ್ಸುತಾಕೆಗೆ ಜೀವಂತ ಮರವೇ ಬೇಕು. ಅದರ ಎಳೆಗಳು ಪೈನ್ ಮರದ ಸಣ್ಣ ಬೇರುಗಳನ್ನು ಸುತ್ತುವರಿದು ನೀರು, ಖನಿಜಗಳನ್ನು ಒದಗಿಸುತ್ತವೆ, ಪ್ರತಿಯಾಗಿ ಸಕ್ಕರೆ ಪಡೆಯುತ್ತವೆ. ಜಪಾನ್, ಕೊರಿಯಾಗಳಲ್ಲಿ ಅದರ ಮುಖ್ಯ ಜೊತೆಗಾರ ಕೆಂಪು ಪೈನ್. ಮಣ್ಣಿನಡಿ ಎಳೆಗಳು ಒತ್ತೊತ್ತಾಗಿ ಹೆಣೆದು ಬೂದುಬಿಳಿ ಪದರವಾಗುತ್ತವೆ. ಜಪಾನೀಯರು ಅದನ್ನು ಶಿರೋ ಎನ್ನುತ್ತಾರೆ. ಶಿರೋ ವರ್ಷಕ್ಕೆ ಹತ್ತು ಹದಿನೈದು ಸೆಂಟಿಮೀಟರಿನಷ್ಟು ಹೊರಕ್ಕೆ ಸರಿಯುತ್ತ, ಬಳೆಯಾಕಾರದಲ್ಲಿ ಹಿಗ್ಗುತ್ತದೆ. ಬೇಸಿಗೆ ಮುಗಿದು ಮಣ್ಣಿನ ಶಾಖ 19 ಡಿಗ್ರಿಯ ಆಸುಪಾಸಿಗೆ ಇಳಿದಾಗ ಆ ಬಳೆಯ ಅಂಚಿನಲ್ಲಿ ಮೊಗ್ಗು ಮೂಡುತ್ತವೆ. ಪೈನಿಗೆ ಇಪ್ಪತ್ತು ಮೂವತ್ತು ವರ್ಷ ತುಂಬುವವರೆಗೆ ಅಣಬೆಯ ಆಸೆ ಇಟ್ಟುಕೊಳ್ಳುವಂತಿಲ್ಲ. ನಲವತ್ತರಿಂದ ಅರವತ್ತು ವರ್ಷದ ತೋಪುಗಳಲ್ಲಿ ಫಸಲು ಹೆಚ್ಚು.

ಕಥೆ ತಿರುಗುವುದು ಮಣ್ಣಿನ ವಿಚಾರದಲ್ಲಿ. ಮಾತ್ಸುತಾಕೆಗೆ ಬಡ ಮಣ್ಣು ಬೇಕು. ತರಗೆಲೆ ದಪ್ಪವಾಗಿ ಕೂತು ಕೊಳೆತು ನೆಲ ಫಲವತ್ತಾದರೆ, ಅಲ್ಲಿ ಬೇರೆ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಮೇಲುಗೈ ಪಡೆದು ಇದನ್ನು ಹೊರದಬ್ಬುತ್ತವೆ. ಕೆಂಪು ಪೈನಿನದೂ ಅದೇ ಪಾಡು: ಬೋಳು ಗುಡ್ಡದಲ್ಲಿ, ಬಿಸಿಲಿನಲ್ಲಿ ಸುಲಭವಾಗಿ ಏಳುತ್ತದೆ, ಅಗಲೆಲೆಯ ಮರಗಳ ನೆರಳು ಬಿದ್ದರೆ ಸೋಲುತ್ತದೆ. ಹಾಗಾದರೆ ಮಳೆ ಸಮೃದ್ಧವಾಗಿರುವ ಜಪಾನಿನಲ್ಲಿ ಇಂಥ ಬಡ ಗುಡ್ಡಗಳು ಎಲ್ಲಿಂದ ಬಂದವು? ಮನುಷ್ಯರೇ ಮಾಡಿದ್ದು. ನಾರಾ, ಕ್ಯೋಟೊಗಳ ದೇವಾಲಯ, ಅರಮನೆಗಳಿಗೆ ಮೂಲ ಕಾಡು ಕಡಿದರು. ಅಲ್ಲಿ ಪೈನ್ ಬಂತು, ಪೈನಿನ ಬೆನ್ನಿಗೆ ಅಣಬೆ. 8ನೇ ಶತಮಾನದ ಮಾನ್ಯೋಶೂ ಸಂಕಲನದ ಹೊತ್ತಿಗಾಗಲೇ ಅದರ ಪರಿಮಳ ಕಾವ್ಯಕ್ಕೆ ಏರಿತ್ತು. ಮುಂದೆ ಶತಮಾನಗಳ ಕಾಲ ಹಳ್ಳಿಗರು ಊರ ಹಿಂದಿನ ಗುಡ್ಡಕ್ಕೆ ಹೋಗಿ ಸೌದೆ ತಂದರು, ಇದ್ದಿಲು ಸುಟ್ಟರು, ಗದ್ದೆಯ ಗೊಬ್ಬರಕ್ಕೆ ತರಗೆಲೆ ಗುಡಿಸಿದರು. ಅಣಬೆ ಬೆಳೆಸಬೇಕೆಂದು ಯಾರೂ ಹೊರಟಿರಲಿಲ್ಲ. ಅನ್ನ ಬೇಯಿಸಲು, ಗದ್ದೆ ಬೆಳೆಯಲು ಮಾಡಿದ ಕೆಲಸ ಗುಡ್ಡವನ್ನು ಅಣಬೆಗೆ ಹದವಾಗಿಟ್ಟಿತು.

ಶಿರಸಿ, ಸಿದ್ದಾಪುರ, ಸಾಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ತರಗೆಲೆ) ಕೊಡುವ ಸೊಪ್ಪಿನಬೆಟ್ಟ ಅಂಥದ್ದೇ ನೆಲ: ಪೂರ್ತಿ ಕಾಡೂ ಅಲ್ಲ, ತೋಟವೂ ಅಲ್ಲ, ಕೈಯಾಡಿಸುತ್ತ ಇರುವವರೆಗೆ ಮಾತ್ರ ತನ್ನ ರೂಪದಲ್ಲಿ ಇರುವಂಥದ್ದು. ಜಪಾನೀಯರು ಅಂಥ ಊರಂಚಿನ ಭೂಮಿಗೆ ಸತೋಯಾಮ ಎನ್ನುತ್ತಾರೆ. ಒಂದು ವ್ಯತ್ಯಾಸವುಂಟು. ದರಕು ಗುಡಿಸಿದ್ದರಿಂದ ಬೆಟ್ಟ ಬರಡಾಯಿತೆಂಬ ದೂರು ನಮ್ಮಲ್ಲಿ ಹಳೆಯದು. ಅಲ್ಲಿ ಆ ಬರಡುತನವೇ ಬೆಲೆಬಾಳುವ ಫಸಲು ಕೊಟ್ಟಿತು.

1950ರ ದಶಕದ ಕೊನೆಯಿಂದ ಹಳ್ಳಿಗಳಿಗೆ ಗ್ಯಾಸ್, ಸೀಮೆಎಣ್ಣೆ ಬಂದವು. ರಾಸಾಯನಿಕ ಗೊಬ್ಬರ ಬಂತು. ಮಕ್ಕಳು ಒಸಾಕಾ, ಟೋಕಿಯೋಗೆ ಹೋದರು. ಸೌದೆಗೂ ತರಗೆಲೆಗೂ ಗುಡ್ಡ ಹತ್ತುವವರು ಇಲ್ಲವಾದರು. ಗುಡ್ಡದ ಇನ್ನೊಂದಷ್ಟು ಭಾಗದಲ್ಲಿ ಸರ್ಕಾರದ ಉತ್ತೇಜನದಿಂದ ಸುಗಿ, ಹಿನೋಕಿ ಮರಗಳ ನೆಡುತೋಪುಗಳೆದ್ದವು. ಉಳಿದ ಪೈನ್ ತೋಪಿನೊಳಗೆ ಅಗಲೆಲೆಯ ಗಿಡಗಳು ನುಗ್ಗಿದವು. ನೆಲದ ತರಗೆಲೆ ದಪ್ಪವಾಯಿತು, ನೆರಳು ಕವಿಯಿತು.

ಇಷ್ಟೇ ಆಗಿದ್ದರೆ ಇಳಿಕೆ ನಿಧಾನವಾಗಿ ಆಗುತ್ತಿತ್ತೇನೋ. ಅದರ ಜೊತೆ ಒಂದು ರೋಗವೂ ಸೇರಿತು. 1905ರಲ್ಲಿ ನಾಗಸಾಕಿಯ ಕಡೆ ಪೈನ್ ಮರಗಳು ಏಕಾಏಕಿ ಕೆಂಪಾಗಿ ಒಣಗಿದ ಮೊದಲ ವರದಿ ಬಂದಿತ್ತು. ಕಾರಣ ತಿಳಿಯಲು 1971ರವರೆಗೆ ಕಾಯಬೇಕಾಯಿತು: ಉತ್ತರ ಅಮೆರಿಕದಿಂದ ಬಂದ, ಕಣ್ಣಿಗೆ ಕಾಣದಷ್ಟು ಸಣ್ಣ ನೆಮಟೋಡ್ ಹುಳು. ತಾನಾಗಿ ಮರದಿಂದ ಮರಕ್ಕೆ ಹೋಗಲಾರದ ಈ ಹುಳು ಉದ್ದ ಮೀಸೆಯ ಕಾಂಡಕೊರಕ ದುಂಬಿಯ ಮೈಯಲ್ಲಿ ಸವಾರಿ ಮಾಡುತ್ತದೆ. (ನಮ್ಮ ಕಾಫಿ ಬೆಳೆಗಾರರ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕವೂ ಅದೇ ಕುಟುಂಬದ್ದು.) ಅಮೆರಿಕದ ಪೈನ್‌ಗಳಿಗೆ ಈ ಹುಳುವಿನೊಂದಿಗೆ ಹಳೆಯ ಒಡನಾಟ, ಅವು ತಡೆದುಕೊಳ್ಳುತ್ತವೆ. ಜಪಾನಿನ ಕೆಂಪು ಪೈನ್ ಒಂದೇ ಬೇಸಿಗೆಯಲ್ಲಿ ಸಾಯುತ್ತದೆ. ಸತ್ತ ಮರವನ್ನು ಹಿಂದೆ ಕೂಡಲೇ ಸೌದೆಗೆ ಒಯ್ಯುತ್ತಿದ್ದರು, ದುಂಬಿಯ ಮರಿಯೂ ಒಲೆಗೆ ಹೋಗುತ್ತಿತ್ತು. ಒಲೆ ಬದಲಾದ ಮೇಲೆ ಸತ್ತ ಮರಗಳು ಅಲ್ಲೇ ನಿಂತು ದುಂಬಿಯ ತೊಟ್ಟಿಲಾದವು. 1970ರ ದಶಕದ ಕೊನೆಗೆ ಜಪಾನ್ ವರ್ಷಕ್ಕೆ ಇಪ್ಪತ್ತು ಲಕ್ಷ ಘನಮೀಟರಿಗೂ ಹೆಚ್ಚು ಪೈನ್ ಕಳೆದುಕೊಳ್ಳುತ್ತಿತ್ತು.

ಈ ಎಲ್ಲದರಲ್ಲಿ ಅಣಬೆ ಕೀಳುವವರ ಪಾಲು ಎಷ್ಟು? ಇದನ್ನು ಊಹೆಗೆ ಬಿಡದೆ ಅಳೆದು ನೋಡಿದ ಎರಡು ಅಧ್ಯಯನಗಳಿವೆ, ಎರಡೂ 2006ರಲ್ಲಿ ಪ್ರಕಟವಾದವು. ಸ್ವಿಟ್ಜರ್ಲೆಂಡಿನ ಲಾ ಶಾನಿಯಾಜ್ ಎಂಬ ಸಂರಕ್ಷಿತ ಕಾಡಿನಲ್ಲಿ 1975ರಿಂದ 2003ರವರೆಗೆ ಕೆಲವು ತಾಕುಗಳಲ್ಲಿ ಅಣಬೆಗಳನ್ನು ಬಿಡದೆ ಕಿತ್ತರು, ಕೆಲವನ್ನು ಮುಟ್ಟದೆ ಬಿಟ್ಟರು. ಕಿತ್ತ ತಾಕುಗಳಲ್ಲಿ ಮುಂದಿನ ಫಸಲು ಕಡಿಮೆಯಾಗಲಿಲ್ಲ, ಜಾತಿಗಳ ಸಂಖ್ಯೆಯೂ ಇಳಿಯಲಿಲ್ಲ. ಬುಡ ಕೊಯ್ದರೂ, ತಿರುಚಿ ಕಿತ್ತರೂ ವ್ಯತ್ಯಾಸ ಕಾಣಲಿಲ್ಲ. ಫಸಲು ತಗ್ಗಿದ್ದು ಜನ ತುಳಿದಾಡಿದ ಜಾಗದಲ್ಲಿ. ಅಲ್ಲಿಯೂ ಮಣ್ಣಿನೊಳಗಿನ ಎಳೆಗಳಿಗೆ ಏನೂ ಆಗಿರಲಿಲ್ಲ. ಎರಡನೆಯ ಅಧ್ಯಯನ ಓರೆಗಾನಿನದು, ಮಾತ್ಸುತಾಕೆಯ ಅಮೆರಿಕದ ಸೋದರ ಜಾತಿಯ ಮೇಲೆಯೇ ನಡೆದದ್ದು. ಮೆಲ್ಲಗೆ ಎತ್ತಿದ ಜಾಗಗಳಲ್ಲಿ ಫಸಲಿಗೆ ಧಕ್ಕೆಯಾಗಲಿಲ್ಲ. ಆದರೆ ಮೊಗ್ಗು ಹುಡುಕುವ ಆತುರದಲ್ಲಿ ಕುಂಟೆಯಿಂದ ಆಳವಾಗಿ ಕೆರೆದು, ಎಲೆಯ ಹೊದಿಕೆಯನ್ನು ವಾಪಸು ಮುಚ್ಚದೆ ಹೋದಲ್ಲಿ ಒಂಬತ್ತು ವರ್ಷ ಕಳೆದರೂ ಫಸಲು ಚೇತರಿಸಿಕೊಳ್ಳಲಿಲ್ಲ.

ಹಾಗಾಗಿ ಅಪಾಯ ಇರುವುದು ಕಿತ್ತ ಅಣಬೆಯ ಲೆಕ್ಕಕ್ಕಿಂತ ಹೆಚ್ಚಾಗಿ ಕೀಳುವ ರೀತಿಯಲ್ಲಿ. ಇದನ್ನು ನಾನು ಒಪ್ಪುತ್ತೇನೆ, ಒಂದು ಅನುಮಾನವನ್ನು ಇಟ್ಟುಕೊಂಡೇ. ಮಾತ್ಸುತಾಕೆಯ ಪೇಟೆ ಅತಿ ಹೆಚ್ಚು ಬೆಲೆ ಕೊಡುವುದು ಕೊಡೆ ಬಿಚ್ಚದ, ಕೆಳಗಿನ ಪೊರೆ ಹರಿಯದ ಮೊಗ್ಗಿಗೆ. ಬೀಜಾಣು ಉದುರುವುದು ಕೊಡೆ ಬಿಚ್ಚಿದ ಮೇಲೆ. ಅಂದರೆ ಒಂದನೆ ದರ್ಜೆಯ ಅಣಬೆ ಎಂದರೆ ಬೀಜ ಬಿಡುವ ಮೊದಲೇ ಕಾಡು ಬಿಟ್ಟ ಅಣಬೆ. ಇದ್ದ ಶಿರೋ ಇದರಿಂದ ಸಾಯುವುದಿಲ್ಲ, ಸರಿ. ಹೊಸ ತೋಪಿನಲ್ಲಿ ಹೊಸ ಶಿರೋ ಹುಟ್ಟುವುದು ಹೇಗೆ? ಮುಪ್ಪಾದ ತೋಪು ರೋಗಕ್ಕೆ, ಬೆಂಕಿಗೆ ಬಲಿಯಾದಾಗ ಈ ಪ್ರಶ್ನೆಗೆ ಬೆಲೆ ಬರುತ್ತದೆ. ಇಪ್ಪತ್ತೊಂಬತ್ತು ವರ್ಷದ ಅಧ್ಯಯನ ದೀರ್ಘವೇ. ಅರವತ್ತು ವರ್ಷದ ತೋಪಿನ ಆಯುಸ್ಸಿಗೆ ಹೋಲಿಸಿದರೆ ಅರ್ಧವೂ ಅಲ್ಲ.

ಇಷ್ಟಕ್ಕೂ ಈ ಅಣಬೆಗೆ ಅಷ್ಟು ಬೆಲೆ ಯಾಕೆ? ರುಚಿಗಿಂತ ವಾಸನೆಗಾಗಿ. ಮೀಥೈಲ್ ಸಿನ್ನಮೇಟ್ ಎಂಬ ದಾಲ್ಚಿನ್ನಿ ನೆನಪಿಸುವ ಸಂಯುಕ್ತವೂ, ಅಣಬೆಗಳಿಗೆ ಸಾಮಾನ್ಯವಾದ ಒಂದು ಆಲ್ಕೊಹಾಲ್ ಕೂಡ ಅದರಲ್ಲಿವೆ. ಜಪಾನೀಯರಿಗೆ ಅದು ಶರತ್ಕಾಲದ ಪರಿಮಳ. ಅನ್ನಕ್ಕೆ ತೆಳುವಾಗಿ ಹೆಚ್ಚಿ ಹಾಕುತ್ತಾರೆ, ಮಣ್ಣಿನ ಕುಡಿಕೆಯಲ್ಲಿ ಸಾರು ಕಾಯಿಸುತ್ತಾರೆ. ನಾರ್ವೆಯ ಸಸ್ಯಶಾಸ್ತ್ರಜ್ಞ ಆಕ್ಸೆಲ್ ಬ್ಲಿಟ್ ಅದೇ ವಾಸನೆಗೆ ಮೂಗು ಮುಚ್ಚಿಕೊಂಡು, ತನ್ನ ನಾಡಿನ ಅಣಬೆಗೆ ಓಕರಿಕೆ ತರುವಂಥದ್ದು ಎಂಬರ್ಥದ ಲ್ಯಾಟಿನ್ ಹೆಸರಿಟ್ಟಿದ್ದ; ಅದು ಪ್ರಕಟವಾದದ್ದು 1905ರಲ್ಲಿ. 2000ದ ಹೊತ್ತಿಗೆ ಸ್ವೀಡನ್ನಿನ ಸಂಶೋಧಕರು ಆ ಅಣಬೆಯೂ ಮಾತ್ಸುತಾಕೆಯೂ ಒಂದೇ ಜಾತಿಯೆಂದು ತೋರಿಸಿದರು. ನಿಯಮದ ಪ್ರಕಾರ ಹಳೆಯ ಹೆಸರೇ ನಿಲ್ಲಬೇಕಿತ್ತು; ವಿನಾಯಿತಿ ಕೇಳಿ ಜಪಾನೀ ಹೆಸರನ್ನೇ ಉಳಿಸಿಕೊಂಡರು. ಓಕರಿಕೆಯ ಹೆಸರು ಹೊತ್ತ ಸರಕನ್ನು ಟೋಕಿಯೋದಲ್ಲಿ ಕೊಳ್ಳುವವರು ಯಾರು?

ಇನ್ನೊಂದು ವಿಷಯ, ಇದನ್ನು ಕೊಂಡವರು ಬಹಳ ಸಲ ತಿನ್ನುವುದಿಲ್ಲ, ಕೊಡುತ್ತಾರೆ. ಜರೀಗಿಡದ ಎಲೆ ಹಾಸಿದ ಪೆಟ್ಟಿಗೆಯಲ್ಲಿಟ್ಟು ಮೇಲಧಿಕಾರಿಗೆ, ವ್ಯಾಪಾರದ ಪಾಲುದಾರರಿಗೆ, ಬೀಗರಿಗೆ ಒಯ್ಯುತ್ತಾರೆ. ಒಳ್ಳೆಯ ದರ್ಜೆಯ ಸ್ಥಳೀಯ ಮಾತ್ಸುತಾಕೆಗೆ ಕಿಲೋಗೆ ಹತ್ತಾರು ಸಾವಿರ ಯೆನ್ ನಡೆಯುತ್ತದೆ. ಉಡುಗೊರೆಯ ವಸ್ತುವಿಗೆ ಬೆಲೆ ಹೆಚ್ಚಿದ್ದಷ್ಟೂ ಮರ್ಯಾದೆ ಹೆಚ್ಚು. ಆದ್ದರಿಂದ ಕೊರತೆ ಈ ಪೇಟೆಯನ್ನು ಮುಚ್ಚಿಸಲಿಲ್ಲ, ಬೆಳೆಸಿತು. ಸ್ಥಳೀಯ ಫಸಲು ನೂರಿನ್ನೂರು ಟನ್ನಿಗೆ ಇಳಿದಾಗ ಖರೀದಿದಾರರು ವಿಮಾನ ಹತ್ತಿದರು. 2000ದ ಸುಮಾರಿಗೆ ಜಪಾನಿನ ಆಮದು ಮೂರು ಸಾವಿರ ಟನ್ ದಾಟಿತ್ತು.

ಹೀಗೆ ಅವರು ಮುಟ್ಟಿದ ಒಂದು ಜಾಗ ಓರೆಗಾನಿನ ಕ್ಯಾಸ್ಕೇಡ್ ಬೆಟ್ಟಗಳ ಪೂರ್ವದ ಇಳಿಜಾರು. ಅಲ್ಲಿಯ ನೆಲ ಸುಮಾರು 7,700 ವರ್ಷದ ಹಿಂದೆ ಮಜಾಮಾ ಜ್ವಾಲಾಮುಖಿ ಉಗುಳಿದ ಹಗುರ ಬೂದಿಗಲ್ಲು. ಬೆಲೆಬಾಳುವ ಪಾಂಡೆರೋಸಾ ಪೈನನ್ನು ಕಂಪನಿಗಳು ಕಡಿದು ಸಾಗಿಸಿದ್ದವು. ಅರಣ್ಯ ಇಲಾಖೆ ದಶಕಗಟ್ಟಲೆ ಕಾಡ್ಗಿಚ್ಚು ನಂದಿಸುತ್ತ ಬಂದಿತ್ತು. ಫಲವಾಗಿ ಯಾರಿಗೂ ಬೇಡದ ಲಾಡ್ಜ್‌ಪೋಲ್ ಪೈನ್ ಒತ್ತೊತ್ತಾಗಿ ಎದ್ದು ಮುಪ್ಪಾಯಿತು, ಅದರ ಬುಡದಲ್ಲಿ ಅಣಬೆ ಬಂತು. ಜಪಾನಿನಂತೆ ಇಲ್ಲಿಯೂ ಅಣಬೆಯ ಕಾಡನ್ನು ಮಾಡಿದ್ದು ಬೇರೇನೋ ಉದ್ದೇಶದ ಮನುಷ್ಯರ ಕೈ. ಸೆಪ್ಟೆಂಬರಿನಿಂದ ನವೆಂಬರ್ ಆರಂಭದವರೆಗೆ ಕ್ರೆಸೆಂಟ್ ಲೇಕ್, ಕೆಮಲ್ಟ್ ಸುತ್ತ ಡೇರೆಗಳು ಏಳುತ್ತವೆ. ಕೀಳುವವರಲ್ಲಿ ಹೆಚ್ಚಿನವರು 1975ರ ನಂತರ ನಿರಾಶ್ರಿತರಾಗಿ ಬಂದ ಲಾವೋ, ಹ್ಮಾಂಗ್, ಮಿಯೆನ್, ಖ್ಮೇರ್ ಜನ. ವಿಯೆಟ್ನಾಂ ಯುದ್ಧದಿಂದ ಮರಳಿದ ಬಿಳಿಯ ಸೈನಿಕರೂ ಇದ್ದರು. ಸಂಜೆ ರಸ್ತೆಬದಿಯಲ್ಲಿ ಖರೀದಿದಾರರ ಡೇರೆಗಳು ಸಾಲಾಗಿ ನಿಂತು ಪೈಪೋಟಿ ನಡೆಸುತ್ತವೆ. ಆ ರಾತ್ರಿ ದರ ಮತ್ತೆ ಏರಿದರೆ ಮೊದಲು ಮಾರಿದವನೂ ವಾಪಸು ಬಂದು ವ್ಯತ್ಯಾಸದ ಹಣ ಕೇಳಬಹುದು. 1993ರಲ್ಲಿ ಈ ಪೈಪೋಟಿ ಪೌಂಡಿಗೆ ನೂರಾರು ಡಾಲರಿನವರೆಗೆ ಹೋಗಿ ಬಿತ್ತು.

ಮಾನವಶಾಸ್ತ್ರಜ್ಞೆ ಆನಾ ತ್ಸಿಂಗ್ 2015ರ ತಮ್ಮ ಪುಸ್ತಕದಲ್ಲಿ ಈ ಡೇರೆಗಳನ್ನು ಜಗತ್ತಿಗೆ ಪರಿಚಯಿಸಿದರು. ಯಜಮಾನನಿಲ್ಲದ, ಸಂಬಳವಿಲ್ಲದ ಈ ದುಡಿಮೆಯನ್ನು ಅಲ್ಲಿಯ ಜನ ಸ್ವಾತಂತ್ರ್ಯವೆಂದು ಕರೆಯುವುದನ್ನು ಅವರು ಗಮನಕೊಟ್ಟು ಕೇಳಿಸಿಕೊಂಡಿದ್ದಾರೆ. ಅದು ದೊಡ್ಡ ಕೆಲಸ. ಆದರೆ ಆ ಪುಸ್ತಕ ಓದಿ ಬರೆಯುವವರಲ್ಲಿ ಹಲವರು ಈ ಸ್ವಾತಂತ್ರ್ಯವನ್ನು ತುಸು ಹೆಚ್ಚೇ ಮುದ್ದಿಸುತ್ತಾರೆಂದು ನನಗನ್ನಿಸುತ್ತದೆ. ವಿಮೆಯಿಲ್ಲ, ಖಾತರಿಯಿಲ್ಲ, ಟೋಕಿಯೋದ ಸಗಟು ಪೇಟೆಯಲ್ಲಿ ದರ ಕುಸಿದ ನಷ್ಟ ಮೊದಲು ಬಂದು ಬೀಳುವುದು ಕಾಡಿನಲ್ಲಿ ಬಗ್ಗಿ ನಿಂತವನ ಮೇಲೆ. ಮೇಲಾಗಿ, ಪ್ರತಿವರ್ಷ ಬಂದು ಹೋಗುವವನಿಗೆ ಆ ತೋಪಿನ ಮೇಲೆ ಯಾವ ಹಕ್ಕೂ ಇಲ್ಲದಿದ್ದಾಗ, ಕೆರೆದ ಗುಂಡಿಯನ್ನು ಮುಚ್ಚಿ ಹೋಗಲು ಅವನಿಗೆ ಒಳ್ಳೆಯತನವೊಂದೇ ಕಾರಣ.

ಹಕ್ಕಿನ ಪ್ರಶ್ನೆಯನ್ನು ಚೆನ್ನಾಗಿ ಬಗೆಹರಿಸಿದವರು ಕ್ಯೋಟೊ ಸುತ್ತಲಿನ ಹಳ್ಳಿಗರು. ಊರ ಸಾಮೂಹಿಕ ಗುಡ್ಡದ ಅಣಬೆ ಹಕ್ಕನ್ನು ಪ್ರತಿ ಹಂಗಾಮಿಗೂ ಹರಾಜಿಗಿಡುವ ಪದ್ಧತಿ 17ನೇ ಶತಮಾನದಿಂದಲೇ ಅಲ್ಲಿ ಕಾಣುತ್ತದೆ. ಹರಾಜು ಗೆದ್ದವನು ಆ ಶರತ್ಕಾಲದಲ್ಲಿ ಆ ಗುಡ್ಡಕ್ಕೆ ಒಡೆಯ. ಹಂಗಾಮು ಮುಗಿದರೆ ಗುಡ್ಡ ಮತ್ತೆ ಊರಿನದು. ಹಣ ಊರ ಖರ್ಚಿಗೆ. ಹರಾಜಿನ ಮೊತ್ತ ಏರಲಿ ಎಂದಾದರೂ ಊರವರು ಗುಡ್ಡವನ್ನು ಒಪ್ಪವಾಗಿಡುತ್ತಾರೆ. ಇದಕ್ಕೂ ಒಂದು ಮಿತಿಯಿದೆ: ಊರಿನಲ್ಲಿ ಜನವಿದ್ದರೆ ಮಾತ್ರ ನಡೆಯುತ್ತದೆ. ಮುದುಕರಷ್ಟೇ ಉಳಿದ ಹಳ್ಳಿಯಲ್ಲಿ ಕೂಗುವವನೂ ಇಲ್ಲ, ಗುಡಿಸುವವನೂ ಇಲ್ಲ. ಈಗ ಕ್ಯೋಟೊದಲ್ಲಿ ನಿವೃತ್ತರೂ ವಿದ್ಯಾರ್ಥಿಗಳೂ ರಜಾದಿನ ಗುಡ್ಡ ಹತ್ತಿ ಪೊದೆ ಕಡಿದು ಎಲೆ ಗುಡಿಸುತ್ತಾರೆ. ಅಜ್ಜಂದಿರು ಹೊಟ್ಟೆಪಾಡಿಗೆ ಮಾಡಿದ್ದನ್ನು ಮೊಮ್ಮಕ್ಕಳು ಸ್ವಯಂಸೇವೆಯಾಗಿ ಮಾಡುತ್ತಿದ್ದಾರೆ.

ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ, ಶಾಂಗ್ರಿ-ಲಾ ಸುತ್ತಲಿನ ಟಿಬೆಟನ್ ಹಳ್ಳಿಗಳಲ್ಲಿ ಎಲ್ಲವೂ ಒಂದೇ ತಲೆಮಾರಿನಲ್ಲಿ ನಡೆಯಿತು. 1980ರ ದಶಕದ ತನಕ ಹೆಚ್ಚು ಬೆಲೆಯಿಲ್ಲದಿದ್ದ ಅಣಬೆ ಜಪಾನೀ ಖರೀದಿದಾರರು ಬಂದಮೇಲೆ ಮನೆಗಳನ್ನು ಕಟ್ಟಿಸಿತು. 1998ರ ಯಾಂಗ್ತ್ಸೆ ಪ್ರವಾಹದ ನಂತರ ಮೇಲ್ದಂಡೆಯ ಕಾಡುಗಳಲ್ಲಿ ಮರ ಕಡಿಯುವುದು ನಿಷೇಧವಾಗಿ, ನಾಟದ ಆದಾಯ ನಿಂತುಹೋದಾಗ ಅಣಬೆಯ ಮೇಲಿನ ಭಾರ ಇನ್ನೂ ಹೆಚ್ಚಿತು. ಯಾವ ಗುಡ್ಡ ಯಾವ ಊರಿನದು ಎಂಬ ಜಗಳ ಹೊತ್ತಿಕೊಂಡಿತು. ಕೆಲವು ಹಳ್ಳಿಗಳು ಸರದಿ, ಬಿಡುವಿನ ದಿನ, ಗಡಿಗಳನ್ನು ತಾವೇ ಕಟ್ಟಿಕೊಂಡವು. ತೀರಾ ಎಳೆಯ ಮೊಗ್ಗು ಕೀಳಬಾರದೆಂಬ ಕಟ್ಟಳೆ ಬಂತು; ಪೇಟೆಯಲ್ಲಿ ಅದನ್ನು ಕೊಳ್ಳುವವರಿರುವಾಗ ಕಟ್ಟಳೆ ಎಷ್ಟು ದೂರ ನಡೆದೀತು? 2012ರಲ್ಲಿ ಚೀನಾದ ಟಿ.ವಿ. ಪ್ರಸಾರ ಮಾಡಿದ ‘ಎ ಬೈಟ್ ಆಫ್ ಚೀನಾ’ ಸರಣಿಯ ಮೊದಲ ಕಂತಿನಲ್ಲೇ ಶಾಂಗ್ರಿ-ಲಾದ ಅಣಬೆ ಕೊಯ್ಲು ಕಾಣಿಸಿಕೊಂಡ ಮೇಲೆ ದೇಶದೊಳಗಿನ ಗಿರಾಕಿಗಳೇ ಸಾಲುಗಟ್ಟಿದರು. ಜಪಾನಿನ ಒಂದೇ ಪೇಟೆಯನ್ನು ನೆಚ್ಚಿಕೊಳ್ಳುವ ಕಷ್ಟ ಅಷ್ಟರಮಟ್ಟಿಗೆ ತಪ್ಪಿತು.

ಭೂತಾನಿನಲ್ಲಿ ಪ್ರಮಾಣ ಸಣ್ಣದು, ಗದ್ದಲವೂ ಕಡಿಮೆ. ಬುಮ್‌ತಾಂಗಿನ ಊರಾ, ಥಿಂಪು ಬಳಿಯ ಗೆನೆಖಾ ಹಳ್ಳಿಗಳು ಅದಕ್ಕೆ ಹೆಸರಾಗಿವೆ. ಅಲ್ಲಿ ಅದರ ಹೆಸರಿನಲ್ಲಿ ಉತ್ಸವಗಳೂ ನಡೆಯುತ್ತವೆ. ಉತ್ತರ ಕೊರಿಯಾದಲ್ಲಿ ಅಣಬೆ ರಾಜತಂತ್ರದ ಸರಕು. 2018ರ ಸೆಪ್ಟೆಂಬರಿನಲ್ಲಿ ಕಿಮ್ ಜಾಂಗ್ ಉನ್ ದಕ್ಷಿಣದ ಅಧ್ಯಕ್ಷ ಮೂನ್ ಜೇ ಇನ್ ಅವರಿಗೆ ಎರಡು ಟನ್ ಕಳಿಸಿದರು. ದಕ್ಷಿಣದ ಸರ್ಕಾರ ಅದನ್ನು ಅರ್ಧರ್ಧ ಕಿಲೋ ಮಾಡಿ, ಯುದ್ಧದಲ್ಲಿ ಬಂಧುಗಳಿಂದ ಅಗಲಿದ ನಾಲ್ಕು ಸಾವಿರ ಮಂದಿಗೆ ಹಂಚಿತು.

2020ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ತನ್ನ ಕೆಂಪುಪಟ್ಟಿಯಲ್ಲಿ ಮಾತ್ಸುತಾಕೆಯನ್ನು ಅಪಾಯದಂಚಿನ ಜಾತಿಯೆಂದು ಸೇರಿಸಿತು. ಸುದ್ದಿಯನ್ನು ಹಲವರು ಅತಿಕೊಯ್ಲಿನ ಕಥೆಯಾಗಿ ಓದಿಕೊಂಡರು. ಆದರೆ ಅಲ್ಲಿ ಮುಖ್ಯ ಕಾರಣವಾಗಿ ನಿಂತಿರುವುದು ಪೈನ್ ಕಾಡಿನ ಇಳಿಕೆ. ಬೇಸಿಗೆ ಉದ್ದವಾಗಿ ಮಣ್ಣು ತಂಪಾಗುವುದು ತಡವಾದರೆ ಫಸಲು ಹಿಂದೆ ಬೀಳುತ್ತದೆ. ಬೆಂಕಿ ಇನ್ನೂ ಕ್ರೂರಿ. 2025ರ ಮಾರ್ಚಿನ ಕಾಡ್ಗಿಚ್ಚು ದಕ್ಷಿಣ ಕೊರಿಯಾದಲ್ಲಿ ಅಣಬೆಗೆ ಪ್ರಸಿದ್ಧವಾದ ಯಂಗ್‌ಡೊಕ್ ಗುಡ್ಡಗಳನ್ನು ಸುಟ್ಟಿತು. ಅಲ್ಲಿ ಇಂದು ಸಸಿ ನೆಟ್ಟವನು ತನ್ನ ಫಸಲಿಗೆ ನೆಡುತ್ತಿಲ್ಲ.

ಇಷ್ಟೆಲ್ಲ ಗೋಳು ಬಿಟ್ಟು ಕೃಷಿ ಮಾಡಬಾರದೇ ಎಂದರೆ, ಕ್ಯೋಟೊ ವಿಶ್ವವಿದ್ಯಾಲಯದ ಹಮಾದಾ ಮಿನೊರು ಅವರ ಕಾಲದಿಂದಲೂ ಯತ್ನ ನಡೆದೇ ಇದೆ. ಬೇರಿಗೆ ಶಿಲೀಂಧ್ರ ಹತ್ತಿಸಿದ ಸಸಿ ಸಿದ್ಧವಾಗುತ್ತದೆ. ಗುಡ್ಡದಲ್ಲಿ ನೆಟ್ಟಮೇಲೆ ಬೇರೆ ಶಿಲೀಂಧ್ರಗಳು ಅದನ್ನು ಅಟ್ಟಿಬಿಡುತ್ತವೆ. 2018ರಲ್ಲಿ ತಾಕಿ ಕೆಮಿಕಲ್ ಎಂಬ ಜಪಾನೀ ಕಂಪನಿ, ಮಾತ್ಸುತಾಕೆಯ ಹತ್ತಿರದ ಬಂಧುವಾದ ಬಕಮಾತ್ಸುತಾಕೆಯನ್ನು ಮರವಿಲ್ಲದೆಯೇ ಬೆಳೆದದ್ದಾಗಿ ಪ್ರಕಟಿಸಿತು. ಅಸಲಿ ಮಾತ್ಸುತಾಕೆ ಪೇಟೆಗೆ ಸಾಲುವಷ್ಟು ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಸಿಕ್ಕ ದಿನ ಉಡುಗೊರೆಯ ಪೆಟ್ಟಿಗೆಗೆ ಅದೇ ಗೌರವ ಉಳಿದೀತು ಎಂದು ನನಗೆ ನಂಬಿಕೆಯಿಲ್ಲ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ಆರಂಭಕ್ಕೆ ಬರುವ ಕಲ್ಲಣಬೆಯೂ ಇದೇ ಬಗೆಯದು: ಕಿರಾಲಬೋಗಿಯಂಥ ಮರಗಳ ಬೇರಿನೊಂದಿಗೆ ಕೂಡಿ ಬಾಳುವಂಥದ್ದು, ತೋಟದಲ್ಲಿ ಬೆಳೆಯಲು ಒಲ್ಲದ್ದು. ಕಾರ್ಕಳದ ಕಡೆ ಅದು ಬಂದ ದಿನಗಳಲ್ಲಿ ಮೀನಿಗಿಂತ ದುಬಾರಿ. ಹುತ್ತದ ಅಣಬೆಯ ಬದುಕು ಗೆದ್ದಲಿನ ಜೊತೆಗೆ, ಅದನ್ನೂ ಬೇಕೆಂದಲ್ಲಿ ಬಿತ್ತಲಾಗದು. ಇವನ್ನು ಮಾರುವ ಹೆಂಗಸರಿಗೆ ಕಾಡಿನ ಮೇಲೆ ಯಾವ ಹಕ್ಕಿದೆ ಎಂದು ಕಾನೂನಿನಲ್ಲಿ ಹುಡುಕಿದರೆ, 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನವೆಂದರೆ ಸಸ್ಯಮೂಲದ್ದು ಎನ್ನುತ್ತದೆ. ಬಿದಿರು, ಬೆತ್ತ, ಜೇನು, ಮೇಣ, ಅರಗು, ಬೀಡಿ ಎಲೆ, ಔಷಧ ಸಸ್ಯ, ಗಡ್ಡೆ ಗೆಣಸುಗಳನ್ನು ಹೆಸರಿಸಿ ‘ಇತ್ಯಾದಿ’ ಎಂದು ಮುಗಿಸುತ್ತದೆ. ಅಣಬೆಯ ಹೆಸರು ಅಲ್ಲಿಲ್ಲ, ಜೀವಶಾಸ್ತ್ರದ ಪ್ರಕಾರ ಅದು ಸಸ್ಯವೂ ಅಲ್ಲ. ಈಗಿನ ಬೆಲೆಯಲ್ಲಿ ಈ ಎಡವಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊರಗಿನ ಖರೀದಿದಾರ ಬಂದು ಡೇರೆ ಹಾಕಿದ ದಿನ ಬೀಳುತ್ತದೆ. ಆಗ ಹರಾಜು ಕೂಗುವ ಅಧಿಕಾರ ಗ್ರಾಮಸಭೆಗೋ ಇಲಾಖೆಗೋ ಎಂಬುದನ್ನು ಆ ‘ಇತ್ಯಾದಿ’ಯ ಅರ್ಥ ಬಿಡಿಸಿಯೇ ತೀರ್ಮಾನಿಸಬೇಕಾಗುತ್ತದೆ.